ಭಾರದ ಬೆಲೆ: ಅಮೆರಿಕದ ಐಷಾರಾಮಿ ಸೆಡಾನ್ ಮತ್ತು ನಗರದ ಮೈಲೇಜಿನ ಚರಿತ್ರೆ

ದೊಡ್ಡ ಐಷಾರಾಮಿ ಸೆಡಾನ್ ಹೆದ್ದಾರಿಯಲ್ಲಿ ತಕ್ಕಮಟ್ಟಿಗೆ ಮಿತವಾಗಿ ಓಡಿ, ಊರೊಳಗೆ ಬಂದ ಕೂಡಲೇ ಪೆಟ್ರೋಲ್ ಕುಡಿಯತೊಡಗುತ್ತದೆ ಎಂಬುದು ಅದರ ಮಾಲೀಕರಿಗೂ ಚಾಲಕರಿಗೂ ಮೆಕ್ಯಾನಿಕ್ಕುಗಳಿಗೂ ಬಹಳ ಹಿಂದಿನಿಂದ ತಿಳಿದಿರುವ ಸಂಗತಿ. ಇದನ್ನು ಕಾರ್ಬ್ಯುರೇಟರನ್ನೋ ಸ್ಪಾರ್ಕ್ ಪ್ಲಗ್ಗನ್ನೋ ಸರಿಪಡಿಸಿದರೆ ವಾಸಿಯಾಗುವ ಕಾಯಿಲೆಯೆಂದು ಭಾವಿಸುವುದುಂಟು. ಆದರೆ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಈ ಬಗೆಯ ಕಾರು ಬೆಳೆದುಬಂದ ರೀತಿಯನ್ನು ಗಮನಿಸಿದರೆ, ಕೊಳ್ಳುಗರು ಹಣ ತೆತ್ತು ಪಡೆದ ನಿಶ್ಶಬ್ದ, ಮೃದುತ್ವ, ಸಲೀಸುತನಗಳಿಗೆಲ್ಲ ಕಾರು ಪ್ರತಿ ಸಿಗ್ನಲ್ಲಿನಲ್ಲೂ ವಸೂಲು ಮಾಡುತ್ತಿದ್ದ ಬಾಕಿಯೇ ಈ ಕಡಿಮೆ ಮೈಲೇಜು ಎಂಬುದು ತಿಳಿದುಬರುತ್ತದೆ. ಆ ಬಾಕಿಯನ್ನು ಅಂಕಿಯಲ್ಲಿ ಬರೆದು ಕಾರಿನ ಕಿಟಕಿಗೆ ಅಂಟಿಸುವ ಪದ್ಧತಿಯ ಮೂಲವಿರುವುದು ಮಾತ್ರ ಪೆಟ್ರೋಲಿನ ಚಿಂತೆಯಲ್ಲಲ್ಲ, ಲಾಸ್ ಏಂಜಲೀಸ್ ನಗರದ ಕಣ್ಣುರಿಸುವ ಹೊಗೆಯಲ್ಲಿ.

ಚರಿತ್ರೆಗೆ ಹೋಗುವ ಮೊದಲು, ನಗರದಲ್ಲಿ ಭಾರ ಏಕೆ ಅಷ್ಟು ದುಬಾರಿಯೆಂಬುದನ್ನು ನೋಡಬೇಕು. ಓಡುತ್ತಿರುವ ಕಾರಿನ ವೇಗವೆಂದರೆ ಅದರ ಭಾರದಲ್ಲಿ ಕೂಡಿಟ್ಟ ಶಕ್ತಿ. ಬ್ರೇಕ್ ಒತ್ತಿದಾಗ ಆ ಶಕ್ತಿಯೆಲ್ಲ ಕಾವಾಗಿ ಗಾಳಿಗೆ ಹೋಗುತ್ತದೆ, ಸಿಗ್ನಲ್ ಹಸಿರಾದಾಗ ಅದನ್ನು ಹೊಸದಾಗಿ ಪೆಟ್ರೋಲಿನಿಂದ ತುಂಬಿಕೊಡಬೇಕಾಗುತ್ತದೆ. ಸುಮಾರು 2,270 ಕೆ.ಜಿ. ತೂಗುವ ಕಾರನ್ನು ನಿಂತಲ್ಲಿಂದ ಗಂಟೆಗೆ 50 ಕಿ.ಮೀ. ವೇಗಕ್ಕೆ ತರಲು 2 ಲಕ್ಷ 20 ಸಾವಿರ ಜೂಲ್‌ನಷ್ಟು ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 3 ಕೋಟಿ 20 ಲಕ್ಷ ಜೂಲ್ ಅಡಗಿದ್ದರೂ, ಊರೊಳಗಿನ ಓಟದಲ್ಲಿ ಅದರ ಐದನೆಯ ಒಂದು ಪಾಲು ಚಕ್ರಕ್ಕೆ ತಲುಪಿದರೆ ಅದೇ ಹೆಚ್ಚು. ಆ ಲೆಕ್ಕದಲ್ಲಿ ಮೂವತ್ತು ಸಲ ನಿಂತು ಹೊರಡುವಷ್ಟರಲ್ಲಿ, ಗಾಳಿಯ ತಡೆ, ಟೈರಿನ ತಡೆಗಳನ್ನು ಎಣಿಸುವ ಮೊದಲೇ, ಲೀಟರು ಮುಗಿದಿರುತ್ತದೆ. ಅರ್ಧ ತೂಕದ ಕಾರಿಗೆ ಈ ಖರ್ಚು ಅರ್ಧ. ಹೆದ್ದಾರಿಯಲ್ಲಾದರೆ ಒಮ್ಮೆ ತುಂಬಿದ ಶಕ್ತಿ ಉಳಿದುಕೊಳ್ಳುವುದರಿಂದ, ಅಲ್ಲಿ ಕಾರಿನ ಎದುರಾಳಿ ಮುಖ್ಯವಾಗಿ ಗಾಳಿ. ಭಾರದ ಪಾತ್ರ ಕಿರಿದು.

ಭಾರದ ಜೊತೆಗೆ ಎಂಜಿನ್ನಿನ ಗಾತ್ರವೂ ಸೇರಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ ಒಳಗೆ ಎಳೆದುಕೊಳ್ಳುವ ಗಾಳಿಯನ್ನು ಥ್ರಾಟಲ್ ಎಂಬ ಸಣ್ಣ ಕದವೊಂದು ಹತೋಟಿಯಲ್ಲಿಡುತ್ತದೆ. ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿದಾಗ ಆ ಕದ ಬಹುಪಾಲು ಮುಚ್ಚಿಯೇ ಇರುವುದರಿಂದ, ಮೂಗು ಹಿಡಿದುಕೊಂಡು ಉಸಿರೆಳೆಯುವವನಂತೆ ಎಂಜಿನ್ ತನ್ನ ಬಲದ ಒಂದಂಶವನ್ನು ಗಾಳಿ ಎಳೆಯುವುದಕ್ಕೇ ಕಳೆಯುತ್ತದೆ. ಎಂಟು ದೊಡ್ಡ ಸಿಲಿಂಡರುಗಳ ಎಂಜಿನ್ನಿಗೆ ನಗರದ ನಿಧಾನ ಓಟವೆಂದರೆ ಸದಾ ಈ ಸ್ಥಿತಿ. ಕಾರು ನಿಂತಿದ್ದಾಗಲೂ ಅಷ್ಟೂ ಸಿಲಿಂಡರುಗಳು ಉರಿಯುತ್ತಲೇ ಇರುತ್ತವೆ, ಏರ್ ಕಂಡಿಷನರಿನ ಕಂಪ್ರೆಸರು, ಪವರ್ ಸ್ಟಿಯರಿಂಗಿನ ಪಂಪು ಸುತ್ತುತ್ತಲೇ ಇರುತ್ತವೆ. ಹಳೆಯ ಆಟೋಮ್ಯಾಟಿಕ್ ಗೇರುಗಳಲ್ಲಿ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಇದ್ದದ್ದು ಬಿಗಿಯಾದ ಕ್ಲಚ್ಚಿನ ಬದಲು ಎಣ್ಣೆಯಲ್ಲಿ ತಿರುಗುವ ಎರಡು ಚಕ್ರಗಳು; ಹೊರಡುವಾಗ ಒಂದು ತಿರುಗಿದಷ್ಟು ಇನ್ನೊಂದು ತಿರುಗದೆ ಜಾರುವ ಆ ಜಾರಿಕೆಯೇ ಪ್ರಯಾಣಿಕನಿಗೆ ಮೃದುತ್ವವಾಗಿಯೂ ಪೆಟ್ರೋಲಿನ ಲೆಕ್ಕಕ್ಕೆ ನಷ್ಟವಾಗಿಯೂ ಕಾಣುತ್ತಿತ್ತು.

ಅಮೆರಿಕದ ಐಷಾರಾಮಿ ಕಾರಿನ ಕಥೆಯಲ್ಲಿ ವಿಚಿತ್ರವೆನಿಸುವುದೆಂದರೆ, ಅದರ ಅತ್ಯಂತ ಪ್ರಭಾವಶಾಲಿ ಎಂಜಿನ್ ಹುಟ್ಟಿದ್ದು ಇಂಧನ ಉಳಿಸುವ ಆಸೆಯೊಡನೆ. ಜನರಲ್ ಮೋಟರ್ಸ್ ಸಂಸ್ಥೆಯ ಸಂಶೋಧನಾ ವಿಭಾಗವನ್ನು ದೀರ್ಘಕಾಲ ನಡೆಸಿದ ಚಾರ್ಲ್ಸ್ ಕೆಟರಿಂಗ್, ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಹೆಚ್ಚು ಒತ್ತಿ ಉರಿಸಿದರೆ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ತೆಗೆಯಬಹುದೆಂದು 1947ರಲ್ಲಿ ವಾದಿಸಿದರು. ಆ ಚಿಂತನೆಯ ಫಲವಾಗಿ ಅದೇ ಸಂಸ್ಥೆಯ 1949ರ ಕ್ಯಾಡಿಲಾಕ್ ಕಾರಿಗೆ ಬಂದ 5.4 ಲೀಟರಿನ ಹೊಸ ವಿ-8 ಎಂಜಿನ್ ಹಿಂದಿನದಕ್ಕಿಂತ ಹಗುರವಾಗಿಯೂ ಮಿತವ್ಯಯಿಯಾಗಿಯೂ ಇದ್ದು, 160 ಅಶ್ವಶಕ್ತಿ ಕೊಡುತ್ತಿತ್ತು. ಎಂಜಿನ್ ಉಳಿಸಿಕೊಟ್ಟದ್ದನ್ನು ಮಾರುಕಟ್ಟೆ ಉಳಿಸಿಕೊಳ್ಳಲಿಲ್ಲ. ಹತ್ತು ವರ್ಷದೊಳಗೆ ಅದೇ ವಂಶದ ಎಂಜಿನ್ 6.4 ಲೀಟರಿಗೆ ಬೆಳೆದು 325 ಅಶ್ವಶಕ್ತಿಗೆ ಏರಿತು. ಏರಿದ ಬಲವನ್ನು ಹೊತ್ತು ತಿರುಗಲು ಉದ್ದನೆಯ ರೆಕ್ಕೆಗಳ, ದಪ್ಪ ಕ್ರೋಮಿನ, ಭಾರದ ಮೈಯೊಂದು ಸಿದ್ಧವಾಗಿತ್ತು.

ಸಲಕರಣೆಗಳು ಒಂದೊಂದಾಗಿ ಬಂದು ಸೇರಿಕೊಂಡವು. ಹೈಡ್ರಾಮ್ಯಾಟಿಕ್ ಎಂಬ ಆಟೋಮ್ಯಾಟಿಕ್ ಗೇರು 1940ರ ಮಾದರಿಯ ಓಲ್ಡ್ಸ್‌ಮೊಬೀಲ್‌ನಲ್ಲಿ ಮೊದಲು ಬಂದು, ಮರುವರ್ಷ ಕ್ಯಾಡಿಲಾಕ್‌ಗೆ ಸಿಕ್ಕಿತು. ಏರ್ ಕಂಡಿಷನರನ್ನು 1940ರಲ್ಲಿ ಪ್ಯಾಕರ್ಡ್ ಮೊದಲಾಗಿ ನೀಡಿದರೂ ಅದು ನೆಲೆ ನಿಂತದ್ದು 1953ರಿಂದೀಚೆಗೆ. ಪವರ್ ಸ್ಟಿಯರಿಂಗನ್ನು ಕ್ರೈಸ್ಲರ್ 1951ರಲ್ಲಿ ಮಾರುಕಟ್ಟೆಗೆ ತಂದಿತು. ಆದರೆ ಆ ಕಾಲದ ಮನೋಧರ್ಮವನ್ನು ತೋರಿಸುವ ಬದಲಾವಣೆ 1964ರದು. ಆ ವರ್ಷ ಕ್ಯಾಡಿಲಾಕ್ ತನ್ನ ನಾಲ್ಕು ಗೇರಿನ ಹೈಡ್ರಾಮ್ಯಾಟಿಕ್ಕಿಗೆ ಬದಲಾಗಿ ಮೂರೇ ಗೇರಿನ, ಎಣ್ಣೆಯ ಜಾರಿಕೆಯನ್ನು ಹೆಚ್ಚು ನೆಚ್ಚಿಕೊಂಡ ಹೊಸ ಗೇರುಪೆಟ್ಟಿಗೆಯನ್ನು ಅಳವಡಿಸತೊಡಗಿತು. ಗೇರು ಬದಲಾದದ್ದು ಹಿಂದೆ ಕೂತವರಿಗೆ ಗೊತ್ತಾಗಬಾರದು ಎಂಬುದೇ ಶ್ರೇಷ್ಠತೆಯ ಅಳತೆಗೋಲಾಗಿದ್ದಾಗ ಒಂದು ಗೇರನ್ನು ಬಿಟ್ಟುಕೊಡುವುದು ನಷ್ಟವೆಂದು ಯಾರಿಗೂ ತೋರಲಿಲ್ಲ. 1970ರ ಎಲ್ಡೊರಾಡೊ ಮಾದರಿಯಲ್ಲಿ 8.2 ಲೀಟರಿನ ಎಂಜಿನ್ ಬಂದು ಈ ಸಾಲು ತನ್ನ ತುದಿ ಮುಟ್ಟಿತು. 1970ರ ದಶಕದ ಮೊದಲರ್ಧದ ದೊಡ್ಡ ಕ್ಯಾಡಿಲಾಕ್ ಸೆಡಾನುಗಳು 5.8 ಮೀಟರಿಗೂ ಉದ್ದವಿದ್ದು 2,270 ಕೆ.ಜಿ.ಯ ಆಸುಪಾಸು ತೂಗುತ್ತಿದ್ದವು. ಇದೆಲ್ಲ ಸಾಧ್ಯವಾದದ್ದು ಪೆಟ್ರೋಲ್ ಅಗ್ಗವಾಗಿದ್ದುದರಿಂದ. 1973ರಲ್ಲಿಯೂ ಅಲ್ಲಿ ಒಂದು ಗ್ಯಾಲನ್, ಅಂದರೆ 3.785 ಲೀಟರ್, ಪೆಟ್ರೋಲಿನ ಸರಾಸರಿ ಬೆಲೆ 40 ಸೆಂಟನ್ನು ದಾಟಿರಲಿಲ್ಲ.

ಇದೇ ಕಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿ ಬೇರೊಂದು ಕಥೆ ನಡೆಯುತ್ತಿತ್ತು. ಬೆಟ್ಟಗಳ ನಡುವಣ ಬೋಗುಣಿಯಂತಿರುವ ಲಾಸ್ ಏಂಜಲೀಸ್‌ನ ಮೇಲೆ ಕವಿಯುತ್ತಿದ್ದ ಕಂದು ಮುಸುಕಿಗೆ ಕಾರುಗಳ ಹೊಗೆಯೇ ಮುಖ್ಯ ಕಾರಣವೆಂದು, ಅದರಲ್ಲಿನ ಹೈಡ್ರೋಕಾರ್ಬನ್ನುಗಳೂ ನೈಟ್ರೋಜನ್ನಿನ ಆಕ್ಸೈಡುಗಳೂ ಬಿಸಿಲಿನಲ್ಲಿ ಬೆರೆತು ಆ ವಿಷ ಹುಟ್ಟುತ್ತದೆಂದು ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ಏರಿ ಹಾಗನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟಿದ್ದರು. ಹೊಗೆಗೆ ಮಿತಿ ಹಾಕಬೇಕಾದರೆ ಹೊಗೆಯನ್ನು ಅಳೆಯಬೇಕು. ಅಳೆಯಬೇಕಾದರೆ ಕಾರನ್ನು ಹೇಗೆ ಓಡಿಸಬೇಕೆಂಬುದು ನಿಶ್ಚಯವಾಗಬೇಕು. ಅದಕ್ಕಾಗಿ ಆ ನಗರದ ಬೆಳಗಿನ ಸಂಚಾರವನ್ನು ಹೋಲುವ ಒಂದು ದಾರಿಯನ್ನು ಆರಿಸಿ, ಅದರಲ್ಲಿ ನಿಜವಾಗಿ ಕಾರು ಓಡಿಸಿ, ಕ್ಷಣಕ್ಷಣದ ವೇಗವನ್ನು ದಾಖಲಿಸಿ, ಆ ದಾಖಲೆಯಿಂದ ಒಂದು ವೇಗದ ನಕ್ಷೆಯನ್ನು ರೂಪಿಸಲಾಯಿತು. ಎಲ್‌ಎ-4 ಎಂದು ಹೆಸರಾದ ಈ ನಕ್ಷೆಯ ಉದ್ದ 12 ಕಿ.ಮೀ., ಅವಧಿ ಸುಮಾರು 23 ನಿಮಿಷ, ಸರಾಸರಿ ವೇಗ ಗಂಟೆಗೆ ಸುಮಾರು 31.5 ಕಿ.ಮೀ. ಇದಕ್ಕೆ ಎಂಜಿನ್ ಬಿಸಿಯಾದ ಮೇಲಿನ ಇನ್ನೊಂದು ತುಣುಕು ಓಟವನ್ನು ಸೇರಿಸಿ, 1975ರ ಮಾದರಿಗಳಿಗೆ ಕಡ್ಡಾಯವಾದ ಪರೀಕ್ಷೆಯಲ್ಲಿ ಕಾರು 31 ನಿಮಿಷದಲ್ಲಿ 23 ಸಲ ನಿಂತು ಹೊರಡುತ್ತದೆ; ಸಮಯದ ಶೇ. 18ರಷ್ಟು ಭಾಗ ಸುಮ್ಮನೆ ನಿಂತು ಉರಿಯುತ್ತದೆ.

ಈ ಪರೀಕ್ಷೆ ನಡೆಯುವುದು ರಸ್ತೆಯಲ್ಲಲ್ಲ. ರಾತ್ರಿಯಿಡೀ ತಣ್ಣಗೆ ನಿಲ್ಲಿಸಿದ ಕಾರನ್ನು ಪ್ರಯೋಗಾಲಯದಲ್ಲಿ ಡೈನಮೋಮೀಟರ್ ಎಂಬ ಉರುಳೆಗಳ ಮೇಲೇರಿಸಿ, ಚಾಲಕನು ಮುಂದಿನ ನಕ್ಷೆಯ ಗೆರೆಯನ್ನು ಹಿಂಬಾಲಿಸಿ ಓಡಿಸುತ್ತಾನೆ. ಚಕ್ರ ತಿರುಗುತ್ತದೆ, ಕಾರು ಅಲ್ಲೇ ಇರುತ್ತದೆ. ಇಲ್ಲದ ಭಾರವನ್ನು ನಟಿಸಲು ಉರುಳೆಗೆ ಕಬ್ಬಿಣದ ಗಾಲಿಗಳನ್ನು ಜೋಡಿಸುತ್ತಿದ್ದರು. ದೊಡ್ಡ ಕಾರುಗಳ ವರ್ಗದಲ್ಲಿ ಈ ಗಾಲಿಗಳು 500 ಪೌಂಡಿನ, ಅಂದರೆ ಸುಮಾರು 227 ಕೆ.ಜಿ.ಯ, ಮೆಟ್ಟಿಲುಗಳಲ್ಲಿ ಏರುತ್ತಿದ್ದುದರಿಂದ, ಗಡಿಯಲ್ಲಿದ್ದ ಕಾರಿನಿಂದ ಕೆಲವೇ ಕಿಲೋ ಇಳಿಸಿದರೂ ಕಾಗದದ ಮೇಲೆ ಒಂದು ಮೆಟ್ಟಿಲೇ ಇಳಿದಂತಾಗುತ್ತಿತ್ತು. ಆ ಕಾಲದ ಉರುಳೆಗಳ ಮೇಲೆ ಟೈರು ಜಾರುತ್ತಿದ್ದುದರಿಂದ ನಕ್ಷೆಯಲ್ಲಿನ ರಭಸದ ಏರಿಕೆಗಳನ್ನೆಲ್ಲ ಸವರಿ, ಪ್ರತಿ ಸೆಕೆಂಡಿನಲ್ಲಿ ಕಾರಿನ ವೇಗ ಗಂಟೆಗೆ 3.3 ಮೈಲಿಗಿಂತ ಹೆಚ್ಚು ಏರದಂತೆ ತಿದ್ದಲಾಗಿತ್ತು. ಏರ್ ಕಂಡಿಷನರನ್ನು ಓಡಿಸುತ್ತಲೇ ಇರಲಿಲ್ಲ. ಅದರ ಬದಲಿಗೆ ಉರುಳೆಯ ತಡೆಯನ್ನು ಶೇ. 10 ಹೆಚ್ಚಿಸುತ್ತಿದ್ದರು. ಭಾರಿ ಐಷಾರಾಮಿ ಕಾರಿನ ಎರಡು ಮುಖ್ಯ ಚಟಗಳು, ಅಂದರೆ ಸಿಗ್ನಲ್ಲಿನಿಂದ ಚಿಮ್ಮಿ ಹೊರಡುವುದು ಮತ್ತು ಒಳಗನ್ನು ತಣ್ಣಗಿಡುವುದು, ಹೀಗೆ ಮೊದಲಿನಿಂದಲೇ ಲೆಕ್ಕದ ಹೊರಗೆ ಉಳಿದವು.

ಹೊಗೆಗಾಗಿ ಹುಟ್ಟಿದ ಈ ಪರೀಕ್ಷೆ ಪೆಟ್ರೋಲಿನ ಪರೀಕ್ಷೆಯಾದದ್ದು ರಸಾಯನಶಾಸ್ತ್ರದ ಒಂದು ಸರಳ ಸತ್ಯದಿಂದ. ಪೆಟ್ರೋಲಿನಲ್ಲಿರುವ ಇಂಗಾಲವೆಲ್ಲ ಕೊನೆಗೆ ಹೊಗೆಕೊಳವೆಯಿಂದಲೇ ಹೊರಬರಬೇಕಾದ್ದರಿಂದ, ಹೊಗೆಯನ್ನು ಚೀಲದಲ್ಲಿ ಹಿಡಿದು ಅದರೊಳಗಿನ ಇಂಗಾಲವನ್ನು ಎಣಿಸಿದರೆ ಎಷ್ಟು ಪೆಟ್ರೋಲ್ ಉರಿಯಿತೆಂಬುದು ತಾನಾಗಿ ತಿಳಿಯುತ್ತದೆ. ಟ್ಯಾಂಕಿಗೆ ಅಳತೆಯ ಕಡ್ಡಿ ಇಳಿಸುವ ಅಗತ್ಯವಿಲ್ಲ. 1970ರ ಡಿಸೆಂಬರಿನಲ್ಲಿ ಸ್ಥಾಪನೆಯಾದ ಪರಿಸರ ಸಂರಕ್ಷಣಾ ಸಂಸ್ಥೆ ಈ ಲೆಕ್ಕವನ್ನು ಪ್ರಕಟಿಸತೊಡಗಿತು, 1974ರ ಮಾದರಿಗಳಿಂದ ಕಿಟಕಿಯ ಚೀಟಿಗಳು ಸ್ವಇಚ್ಛೆಯ ಕ್ರಮವಾಗಿ ಆರಂಭವಾದವು, ಸ್ವಲ್ಪ ಕಾಲದಲ್ಲೇ ಹೆದ್ದಾರಿಗಾಗಿ ಬೇರೆಯ ನಕ್ಷೆಯೊಂದು ಸೇರಿತು. ಲಾಸ್ ಏಂಜಲೀಸ್‌ನ ಹಳೆಯ ನಕ್ಷೆಗೆ ಆಗ ‘ನಗರ’ ಎಂಬ ಹೆಸರು ಬಂತು. ಮಾಲೀಕರ ಅನುಭವವಾಗಿ ಮಾತ್ರ ಇದ್ದ ಸಂಗತಿ ಒಂದು ಸರಕಾರಿ ಅಂಕಿಯಾಗಿ, ಎರಡು ಕಾರುಗಳನ್ನು ಪಕ್ಕದಲ್ಲಿಟ್ಟು ಹೋಲಿಸಬಹುದಾದ ವಸ್ತುವಾಗಿ ಮಾರ್ಪಟ್ಟದ್ದು ಹೀಗೆ.

ಹೊಗೆಯ ಕಾನೂನು ಮೊದಮೊದಲು ಮೈಲೇಜನ್ನು ಇನ್ನಷ್ಟು ಕೆಡಿಸಿತೆಂಬುದನ್ನೂ ಇಲ್ಲಿ ಹೇಳಬೇಕು. ಸೀಸವಿಲ್ಲದ ಪೆಟ್ರೋಲಿಗೆ ದಾರಿ ಮಾಡಿಕೊಡಲು ಜನರಲ್ ಮೋಟರ್ಸ್ 1971ರಿಂದ ತನ್ನ ಎಂಜಿನ್ನುಗಳಲ್ಲಿ ಮಿಶ್ರಣವನ್ನು ಒತ್ತುವ ಪ್ರಮಾಣವನ್ನು ತಗ್ಗಿಸಿತು. ಕೆಟರಿಂಗ್ ಗಳಿಸಿಕೊಟ್ಟದ್ದರಲ್ಲಿ ಒಂದು ಪಾಲು ಹಾಗೆ ಕೈಬಿಟ್ಟುಹೋಯಿತು. 1975ರಲ್ಲಿ ಹೊಗೆಕೊಳವೆಗೆ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಶುದ್ಧೀಕರಣದ ಡಬ್ಬಿ ಬಂದ ಮೇಲೆಯೇ ಎಂಜಿನ್ನನ್ನು ಮತ್ತೆ ಮೈಲೇಜಿಗೆ ತಕ್ಕಂತೆ ಹೊಂದಿಸಲು ಆಸ್ಪದವಾಯಿತು. ಆ ನಡುವಿನ ವರ್ಷಗಳಲ್ಲೇ ಸಂಕಟ ಬಂದೊದಗಿತು. 1973ರ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧದ ಬೆನ್ನಲ್ಲೇ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿರ್ಬಂಧ ವಿಧಿಸಿದವು, ಬ್ಯಾರೆಲ್ಲಿಗೆ 3 ಡಾಲರಿನ ಸುಮಾರಿಗಿದ್ದ ಕಚ್ಚಾತೈಲ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರ ಬಂತು. ಪೆಟ್ರೋಲ್ ಬಂಕುಗಳ ಮುಂದೆ ಸಾಲುಗಳು ಬೆಳೆದವು. ಕೆಲವು ರಾಜ್ಯಗಳಲ್ಲಿ ನಂಬರ್ ಪ್ಲೇಟಿನ ಕೊನೆಯಂಕಿ ಸಮವೋ ಬೆಸವೋ ಎಂಬುದರ ಮೇಲೆ ಪೆಟ್ರೋಲ್ ಸಿಗುವ ದಿನ ನಿಶ್ಚಯವಾಗುತ್ತಿತ್ತು. 1974ರ ಜನವರಿ 2ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾನೂನು ಇಡೀ ದೇಶದ ಹೆದ್ದಾರಿಗಳಲ್ಲಿ ಗಂಟೆಗೆ 55 ಮೈಲಿಯ, ಅಂದರೆ 88 ಕಿ.ಮೀ.ಯ ಮಿತಿಯನ್ನು ತಂದಿತು. ಆ ಮಿತಿ ಉಳಿಸಿದ್ದು ಹೆದ್ದಾರಿಯ ಪೆಟ್ರೋಲನ್ನು. ಊರೊಳಗಿನ ಸಿಗ್ನಲ್ಲಿಗೆ ಅದರಿಂದ ಆದದ್ದೇನೂ ಇಲ್ಲ.

ಊರೊಳಗನ್ನೂ ಮುಟ್ಟಿದ ಕಾನೂನು 1975ರ ಡಿಸೆಂಬರಿನಲ್ಲಿ ಬಂತು. 1974ರಲ್ಲಿ ಅಮೆರಿಕದ ಹೊಸ ಕಾರುಗಳ ಸರಾಸರಿ ಗ್ಯಾಲನ್ನಿಗೆ 13 ಮೈಲಿ, ಅಂದರೆ ಲೀಟರಿಗೆ ಸುಮಾರು 5.5 ಕಿ.ಮೀ. ಇತ್ತು, ಹೊಸ ಕಾನೂನು ಪ್ರತಿ ಕಂಪನಿ ಮಾರಿದ ಕಾರುಗಳ ಸರಾಸರಿ 1978ರಲ್ಲಿ 18 ಮೈಲಿ, 1985ರಲ್ಲಿ 27.5 ಮೈಲಿ ಇರಬೇಕೆಂದು ವಿಧಿಸಿತು. ಈ ಲೆಕ್ಕದಲ್ಲಿ ನಗರದ ಓಟಕ್ಕೆ ಶೇ. 55, ಹೆದ್ದಾರಿಯ ಓಟಕ್ಕೆ ಶೇ. 45 ತೂಕ. ‘ಸರಾಸರಿ’ ಎಂಬ ಪದದಲ್ಲಿ ಇಡೀ ಕಾನೂನಿನ ಸ್ವಭಾವ ಅಡಗಿತ್ತು. ಷೆವೆಟ್‌ನಂಥ ಪುಟ್ಟ ಕಾರನ್ನು ಸಾಕಷ್ಟು ಮಾರಿದ ಕಂಪನಿ ಕ್ಯಾಡಿಲಾಕನ್ನೂ ಮಾರಬಹುದಿತ್ತು. ಸಣ್ಣ ಕಾರಿನವನು ಉಳಿಸಿದ ಪೆಟ್ರೋಲು ದೊಡ್ಡ ಕಾರಿನವನ ಖಾತೆಗೆ ಜಮೆಯಾಗುತ್ತಿತ್ತು ಎಂದರೆ ತಪ್ಪಾಗದು. ಬಿಡಿ ಕಾರನ್ನೇ ಹಿಡಿಯುವ ಕಾನೂನು 1978ರಲ್ಲಿ ಬಂದ ತೆರಿಗೆ: 1980ರ ಮಾದರಿಗಳಿಂದ ಗ್ಯಾಲನ್ನಿಗೆ 15 ಮೈಲಿಗಿಂತ ಕಡಿಮೆ ಕೊಡುವ ಕಾರಿನ ಮೇಲೆ 200ರಿಂದ 550 ಡಾಲರಿನವರೆಗೆ ಆರಂಭವಾದ ಈ ತೆರಿಗೆ, ಮಿತಿ ಏರುತ್ತ ಹೋಗಿ, 1991ರ ಹೊತ್ತಿಗೆ 22.5 ಮೈಲಿಗಿಂತ ಕೆಳಗಿನ ಕಾರಿಗೆ 1,000 ಡಾಲರ್, 12.5 ಮೈಲಿಗಿಂತಲೂ ಕೆಳಗಿಳಿದರೆ 7,700 ಡಾಲರ್ ಎಂದಾಯಿತು. ಸರಕು ಸಾಗಿಸುವ ಸಣ್ಣ ಟ್ರಕ್ಕುಗಳ ವರ್ಗಕ್ಕೆ ಈ ತೆರಿಗೆ ಅನ್ವಯಿಸುವುದಿಲ್ಲ ಎಂಬ ಸಾಲೊಂದು ಆ ಕಾನೂನಿನಲ್ಲಿತ್ತು. ರೈತರ, ಬಡಗಿಗಳ, ಕಸುಬುದಾರರ ವಾಹನವೆಂದು ಬಿಟ್ಟ ಆ ರಿಯಾಯಿತಿಯ ಪರಿಣಾಮ ಆಗ ಯಾರ ಕಣ್ಣಿಗೂ ಬಿದ್ದಂತಿಲ್ಲ.

ಈ ಕಾನೂನುಗಳು ಬರುವ ಮೊದಲೇ ಕ್ಯಾಡಿಲಾಕ್ 1975ರ ಮೇ ತಿಂಗಳಿನಲ್ಲಿ ಸೆವಿಲ್ ಎಂಬ 5.18 ಮೀಟರ್ ಉದ್ದದ ಚಿಕ್ಕ ಮಾದರಿಯನ್ನು ತಂದಿತು. ಚಿಕ್ಕದೆಂದು ಕರೆಸಿಕೊಂಡ ಈ ಕಾರು 1,900 ಕೆ.ಜಿ.ಗೂ ಹೆಚ್ಚು ತೂಗುತ್ತಿತ್ತು, ದೊಡ್ಡ ಸೆಡಾನುಗಳಿಗಿಂತ ದುಬಾರಿಯೂ ಆಗಿತ್ತು. ದೊಡ್ಡದೇ ಶ್ರೇಷ್ಠವೆಂದು ಅರ್ಧ ಶತಮಾನ ನಂಬಿಸಿದ ಕಂಪನಿ ಸಣ್ಣದಕ್ಕೆ ಹೆಚ್ಚು ಬೆಲೆ ಕೇಳಿದ್ದು ಧೈರ್ಯದ ಮಾತೇ ಸರಿ. 1977ರಲ್ಲಿ ದೊಡ್ಡ ಸೆಡಾನ್ ಕೂಡ 24 ಸೆಂ.ಮೀ. ಕುಗ್ಗಿ, ಸುಮಾರು 400 ಕೆ.ಜಿ. ಇಳಿದು, 8.2 ಲೀಟರಿನ ಎಂಜಿನ್ನಿನ ಜಾಗದಲ್ಲಿ 7 ಲೀಟರಿನದನ್ನು ಹೊತ್ತು ಬಂತು. ಪ್ರತಿಸ್ಪರ್ಧಿ ಲಿಂಕನ್ ಮಾತ್ರ 5.92 ಮೀಟರಿನ ತನ್ನ ಕಾಂಟಿನೆಂಟಲ್ಲನ್ನು 1979ರವರೆಗೂ ಕುಗ್ಗಿಸದೆ, ನಿಜವಾದ ದೊಡ್ಡ ಕಾರು ಬೇಕೆಂದವರನ್ನು ತನ್ನತ್ತ ಸೆಳೆದುಕೊಂಡಿತು. ಪೆಟ್ರೋಲ್ ಬಂಕಿನ ಸಾಲುಗಳು ಕರಗಿದ ಕೂಡಲೇ ಅವುಗಳ ನೆನಪೂ ಕರಗಿತ್ತು.

ಎರಡನೆಯ ತೈಲ ಸಂಕಟ 1979ರಲ್ಲಿ ಬಂದಾಗ ಎಂಜಿನ್ನನ್ನೇ ಬದಲಿಸುವ ಯತ್ನಗಳು ಅವಸರದಲ್ಲಿ ನಡೆದವು. ಅವುಗಳಲ್ಲಿ ಬುದ್ಧಿವಂತಿಕೆಯದೂ ದುರದೃಷ್ಟದ್ದೂ ಆದದ್ದು 1981ರ ಕ್ಯಾಡಿಲಾಕ್‌ನ ವಿ8-6-4. ಈಟನ್ ಕಂಪನಿಯ ನೆರವಿನಿಂದ ರೂಪುಗೊಂಡ ಈ 6 ಲೀಟರಿನ ಎಂಜಿನ್, ಬಲ ಬೇಡದಿದ್ದಾಗ ಎರಡು ಅಥವಾ ನಾಲ್ಕು ಸಿಲಿಂಡರುಗಳ ಕವಾಟಗಳನ್ನು ಮುಚ್ಚಿಟ್ಟು ಉಳಿದವುಗಳಿಂದ ಓಡುತ್ತಿತ್ತು. ಈಗ ಎಷ್ಟು ಸಿಲಿಂಡರು ದುಡಿಯುತ್ತಿವೆ, ಮೈಲೇಜು ಎಷ್ಟು ಬರುತ್ತಿದೆ ಎಂಬುದನ್ನು ಚಾಲಕನ ಮುಂದಿನ ಫಲಕ ತೋರಿಸುತ್ತಿತ್ತು. ತತ್ತ್ವ ಸರಿಯಾಗಿತ್ತು: ನಾಲ್ಕೇ ಸಿಲಿಂಡರು ಕೆಲಸ ಮಾಡುವಾಗ ಅವು ಗಾಳಿಯನ್ನು ಹೆಚ್ಚು ಧಾರಾಳವಾಗಿ ಎಳೆದುಕೊಳ್ಳುವುದರಿಂದ, ಮುಚ್ಚಿದ ಕದದ ಮುಂದಿನ ಏದುಸಿರು ತಪ್ಪುತ್ತದೆ. ಆದರೆ ಆ ಕಾಲದ ಮೈಕ್ರೊಪ್ರೊಸೆಸರು ನಿರ್ಧಾರ ಮಾಡುವ ವೇಗ ಸಾಲದೆ, ಸಿಲಿಂಡರುಗಳು ಸೇರುವಾಗ ಬಿಡುವಾಗ ಕಾರು ಕುಲುಕಾಡುತ್ತಿತ್ತು. ಹಲವರು ಆ ವ್ಯವಸ್ಥೆಯ ತಂತಿಯನ್ನೇ ಕಳಚಿ ಎಂಟೂ ಸಿಲಿಂಡರು ಸದಾ ಓಡುವಂತೆ ಮಾಡಿಕೊಂಡರು. ಮರುವರ್ಷದ ಹೊತ್ತಿಗೆ ಅದು ಲಿಮೋಸಿನ್ನುಗಳಲ್ಲಿ ಮಾತ್ರ ಉಳಿಯಿತು. ಯಶಸ್ವಿಯಾಗಿದ್ದರೂ ಅದರ ಲಾಭ ಹೆಚ್ಚಾಗಿ ಸಿಗುತ್ತಿದ್ದದ್ದು ಒಂದೇ ವೇಗದ ಹೆದ್ದಾರಿ ಓಟದಲ್ಲಿ. ಸಿಗ್ನಲ್ಲಿನಿಂದ ಎರಡು ಟನ್ನನ್ನು ಎಬ್ಬಿಸಿ ಹೊರಡಿಸುವಾಗ ಎಂಟೂ ಬೇಕಾಗುತ್ತಿದ್ದವು.

ಇನ್ನುಳಿದ ಯತ್ನಗಳ ಗತಿ ಇದಕ್ಕಿಂತ ಒಳ್ಳೆಯದಾಗಿರಲಿಲ್ಲ. ಓಲ್ಡ್ಸ್‌ಮೊಬೀಲ್ ವಿಭಾಗದ 5.7 ಲೀಟರಿನ ಡೀಸೆಲ್ ವಿ-8, 1978ರಿಂದ 1985ರವರೆಗೆ ಮಾರಾಟವಾಗಿ, ಸಿಲಿಂಡರ್ ಹೆಡ್ಡಿನ ಬೋಲ್ಟುಗಳು ಸಡಿಲುವುದು, ಡೀಸೆಲಿನಲ್ಲಿ ಸೇರಿದ ನೀರನ್ನು ಬೇರ್ಪಡಿಸುವ ಉಪಕರಣವಿಲ್ಲದೆ ಪಂಪು ಕೆಡುವುದು ಮುಂತಾದ ಕಾರಣಗಳಿಂದ ಅಮೆರಿಕದವರಿಗೆ ಡೀಸೆಲ್ ಕಾರೆಂದರೆ ಬೇಡವೆನ್ನಿಸಿತು. 1982ರಲ್ಲಿ ದೊಡ್ಡ ಕ್ಯಾಡಿಲಾಕ್‌ಗೆ 4.1 ಲೀಟರಿನ, 125 ಅಶ್ವಶಕ್ತಿಯ ಸಣ್ಣ ಎಂಜಿನ್ ಬಂತು. ಎತ್ತಿನ ಗಾಡಿಗೆ ಕರು ಕಟ್ಟಿದಂತಾಯಿತು. ಅದೇ ವರ್ಷದ ಸಿಮರಾನ್ ಮಾದರಿ ನಾಲ್ಕು ಸಿಲಿಂಡರಿನ ಸಾಧಾರಣ ಕಾರಿಗೆ ಕ್ಯಾಡಿಲಾಕ್ ಮುದ್ರೆ ಒತ್ತಿದ್ದಾಗಿತ್ತು ಎಂಬುದಕ್ಕಿಂತ ಹೆಚ್ಚೇನನ್ನೂ ಹೇಳಬೇಕಿಲ್ಲ.

ಜರ್ಮನಿಯ ಐಷಾರಾಮಿ ಕಾರು ತಯಾರಕರ ಸ್ಥಿತಿ ಬೇರೆಯಾಗಿತ್ತು. ಅಮೆರಿಕದಲ್ಲಿ ಸರಾಸರಿ ಕಾಯಲು ಅವರ ಬಳಿ ಪುಟ್ಟ ಕಾರುಗಳಿರಲಿಲ್ಲ. ಮರ್ಸಿಡಿಸ್-ಬೆಂಜ್ 6.9 ಲೀಟರಿನ 450 ಎಸ್‌ಇಎಲ್ ಕಾರನ್ನು ಮಾರುತ್ತಿದ್ದ ಕಾಲದಲ್ಲೇ, ತನ್ನ ಎಸ್-ಕ್ಲಾಸ್ ಮೈಗೆ ಐದು ಸಿಲಿಂಡರಿನ ಟರ್ಬೊ ಡೀಸೆಲ್ ಎಂಜಿನ್ ಕೂರಿಸಿ 300 ಎಸ್‌ಡಿ ಎಂಬ ಮಾದರಿಯನ್ನು 1978ರಲ್ಲಿ ಉತ್ತರ ಅಮೆರಿಕಕ್ಕೆಂದೇ ಕಳುಹಿಸಿತು. ಕಾನೂನಿನ ಸರಾಸರಿಯನ್ನು ತಗ್ಗದಂತೆ ಹಿಡಿಯುವುದೇ ಅದರ ಹುಟ್ಟಿನ ಉದ್ದೇಶ. ಡೀಸೆಲ್ ಎಂಜಿನ್ನಿಗೆ ಗಾಳಿ ತಡೆಯುವ ಥ್ರಾಟಲ್ ಕದದ ಗೊಡವೆಯಿಲ್ಲದ್ದರಿಂದ, ನಗರದ ನಿಧಾನ ಓಟದಲ್ಲೇ ಅದರ ಉಳಿತಾಯ ಹೆಚ್ಚು. ತಂತ್ರ ಸಾಲದಾದಾಗ ದುಡ್ಡಿತ್ತು. ಸರಾಸರಿ ತಪ್ಪಿದ ಕಂಪನಿ ಮೈಲಿಯ ಪ್ರತಿ ಹತ್ತನೆಯ ಒಂದು ಭಾಗಕ್ಕೆ, ಮಾರಿದ ಪ್ರತಿ ಕಾರಿಗೆ 5 ಡಾಲರಿನಂತೆ ದಂಡ ಕಟ್ಟಬೇಕಿತ್ತು. 1980 ಮತ್ತು 90ರ ದಶಕಗಳಲ್ಲಿ ಅದನ್ನು ಕಟ್ಟಿದವರು ಬಹುತೇಕ ಯುರೋಪಿನ ದುಬಾರಿ ಕಾರಿನ ತಯಾರಕರು. ಹತ್ತಾರು ಸಾವಿರ ಡಾಲರಿನ ಕಾರಿನ ಬೆಲೆಯಲ್ಲಿ ಆ ದಂಡ ಅಡಗಿ ಹೋಗುತ್ತಿತ್ತು.

ದಂಡವನ್ನಾಗಲಿ ತೆರಿಗೆಯನ್ನಾಗಲಿ ಕಟ್ಟದೆ ಭಾರಿ ಕಾರಿನ ಸುಖವನ್ನು ಕೊಡಬಹುದೆಂದು ತೋರಿಸಿದ ಕೀರ್ತಿ ಟೊಯೊಟಾ ಸಂಸ್ಥೆಗೆ ಸಲ್ಲಬೇಕು. 1983ರಲ್ಲಿ ಆರಂಭವಾಗಿ 1989ರ ಜನವರಿಯಲ್ಲಿ ಡೆಟ್ರಾಯ್ಟ್‌ನಲ್ಲಿ ಲೆಕ್ಸಸ್ ಎಲ್‌ಎಸ್ 400 ಎಂಬ ಹೆಸರಿನಿಂದ ಹೊರಬಂದ ಕಾರಿಗೆ, ಮುಖ್ಯ ಎಂಜಿನಿಯರ್ ಇಚಿರೊ ಸುಝುಕಿ ಹಾಕಿಕೊಂಡ ಗುರಿಗಳಲ್ಲಿ ಗಂಟೆಗೆ 250 ಕಿ.ಮೀ. ವೇಗದ ಜೊತೆಗೆ ಗ್ಯಾಲನ್ನಿಗೆ 22.5 ಮೈಲಿಯೂ ಒಂದಾಗಿತ್ತು. ಅಮೆರಿಕದ ತೆರಿಗೆಯ ಗಡಿ ಅಷ್ಟೇ ಆಗಿದ್ದದ್ದು ಕಾಕತಾಳೀಯವೇನಲ್ಲ. 4 ಲೀಟರಿನ ವಿ-8 ಎಂಜಿನ್ ಹೊತ್ತ ಆ ಕಾರನ್ನು 1,700 ಕೆ.ಜಿ.ಯ ಆಸುಪಾಸಿಗೆ ನಿಲ್ಲಿಸಲಾಯಿತು. ಸದ್ದನ್ನು ಭಾರದ ಹೊದಿಕೆಯಿಂದ ಮುಚ್ಚುವ ಬದಲು, ಭಾಗಗಳನ್ನು ಹೆಚ್ಚು ನಿಖರವಾಗಿ ಕೊರೆದು ಸದ್ದು ಹುಟ್ಟದಂತೆ ಮಾಡುವುದು ಅವರ ಕ್ರಮವಾಗಿತ್ತು. ನಿಶ್ಶಬ್ದಕ್ಕೆ ಭಾರವೇ ಬೇಕೆಂಬ ಹಳೆಯ ನಂಬಿಕೆಗೆ ಬಿದ್ದ ಪೆಟ್ಟು ಅದು. ಆ ಪೆಟ್ಟಿಗೆ ಮರ್ಸಿಡಿಸ್ ಕೊಟ್ಟ ಉತ್ತರ ಮಾತ್ರ ತದ್ವಿರುದ್ಧ: 1991ರ ಎಸ್-ಕ್ಲಾಸ್ ಕಿಟಕಿಗಳಿಗೆ ಎರಡೆರಡು ಪದರದ ಗಾಜು, ಹನ್ನೆರಡು ಸಿಲಿಂಡರಿನ 6 ಲೀಟರಿನ ಎಂಜಿನ್, 600 ಎಸ್‌ಇಎಲ್ ಮಾದರಿಯಲ್ಲಿ 2,200 ಕೆ.ಜಿ.ಯ ಹತ್ತಿರದ ತೂಕ.

ಮೈಲೇಜಿನ ಅಂಕಿಯೂ ಈ ನಡುವೆ ಬದಲಾಗುತ್ತಿತ್ತು. ಚೀಟಿಯ ಅಂಕಿಗೂ ರಸ್ತೆಯ ಅನುಭವಕ್ಕೂ ತಾಳೆಯಾಗುವುದಿಲ್ಲವೆಂಬ ದೂರುಗಳು ಹೆಚ್ಚಿ, 1985ರ ಮಾದರಿಗಳಿಂದ ನಗರದ ಅಂಕಿಯನ್ನು ಶೇ. 10, ಹೆದ್ದಾರಿಯದನ್ನು ಶೇ. 22 ಇಳಿಸಿ ಬರೆಯತೊಡಗಿದರು. ರಭಸದ ಓಟ, ಏರ್ ಕಂಡಿಷನರು, ಚಳಿಯ ಆರಂಭಗಳನ್ನು ನಿಜವಾಗಿ ಪರೀಕ್ಷಿಸಿ ಸೇರಿಸಿಕೊಂಡದ್ದು 2008ರ ಮಾದರಿಗಳಿಂದ. ತೆರಿಗೆಗೂ ಸರಾಸರಿಯ ಕಾನೂನಿಗೂ ಮಾತ್ರ ಹಳೆಯ, ತಿದ್ದದ ಅಂಕಿಯೇ ಉಳಿಯಿತು. ಮೈಲೇಜಿನ ಅಂಕಿಯಲ್ಲೇ ಒಂದು ಮರೀಚಿಕೆಯಿದೆಯೆಂದು ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ ‘ಸೈನ್ಸ್’ ಪತ್ರಿಕೆಯಲ್ಲಿ 2008ರಲ್ಲಿ ತೋರಿಸಿದರು. ಲೀಟರಿಗೆ 15 ಕಿ.ಮೀ. ಕೊಡುವ ಕಾರು 20ಕ್ಕೆ ಏರಿದರೆ ನೂರು ಕಿ.ಮೀ.ಗೆ ಉಳಿಯುವುದು ಸುಮಾರು 1.7 ಲೀಟರ್, 4 ಕೊಡುವ ಕಾರು 5ಕ್ಕೆ ಏರಿದರೆ ಉಳಿಯುವುದು 5 ಲೀಟರ್. ಹೀಗೆ ನೋಡಿದರೆ, 1977ರ ಕುಗ್ಗಿಸುವಿಕೆಯಂಥ ಕ್ರಮಗಳೇ ದೇಶದ ಪೆಟ್ರೋಲ್ ಲೆಕ್ಕಕ್ಕೆ ದೊಡ್ಡ ಉಳಿತಾಯ ತಂದವು. ಯುರೋಪಿನ ಬಹುತೇಕರು ನೂರು ಕಿ.ಮೀ.ಗೆ ಎಷ್ಟು ಲೀಟರ್ ಎಂದು ಲೆಕ್ಕ ಹಾಕುವುದರಿಂದ ಈ ಮರೀಚಿಕೆಗೆ ಸಿಲುಕುವುದಿಲ್ಲ. ದೂರವನ್ನು ಕಿಲೋಮೀಟರಿನಲ್ಲಿ, ಪೆಟ್ರೋಲನ್ನು ಲೀಟರಿನಲ್ಲಿ ಅಳೆದು ಫಲವನ್ನು ಮಾತ್ರ ಇಂದಿಗೂ ‘ಮೈಲೇಜು’ ಎಂದೇ ಕರೆಯುವ ಕನ್ನಡಿಗರು ಈ ವಿಷಯದಲ್ಲಿ ಅಮೆರಿಕದವರ ಸಾಲಿಗೆ ಸೇರುತ್ತಾರೆ. ಭಾರತದ ಪ್ರಯೋಗಾಲಯದ ಓಟ ಯುರೋಪಿನ ನಕ್ಷೆಯಿಂದ ರೂಪುಗೊಂಡದ್ದು. ಲಾಸ್ ಏಂಜಲೀಸ್‌ನ ನಕ್ಷೆಯ 31 ಕಿ.ಮೀ. ಸರಾಸರಿ ವೇಗವಂತೂ ಬೆಂಗಳೂರಿನ ಸಂಜೆಯ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕನಸಿನ ಮಾತು.

ತಂತ್ರಜ್ಞಾನ ಕೊನೆಗೂ ಭಾರದ ಬಾಕಿಯನ್ನು ಬೇರೆ ಬೇರೆ ಕಡೆಯಿಂದ ಕಡಿಮೆ ಮಾಡಿತು. ಸಿಲಿಂಡರುಗಳನ್ನು ಮುಚ್ಚುವ ಉಪಾಯ 1990ರ ದಶಕದ ಕೊನೆಯಲ್ಲಿ ಮರ್ಸಿಡಿಸ್‌ನ ಹನ್ನೆರಡು ಸಿಲಿಂಡರಿನ ಕಾರುಗಳಲ್ಲಿ, 2005ರ ಮಾದರಿಯ ಕ್ರೈಸ್ಲರ್ 300ಸಿಯಲ್ಲಿ ಕುಲುಕಾಟವಿಲ್ಲದೆ ಮರಳಿ ಬಂತು. ಮೂರಿದ್ದ ಗೇರುಗಳು ಆರು, ಏಳು, ಎಂಟಾದವು. ಬ್ರೇಕಿನಲ್ಲಿ ಕಾವಾಗಿ ಹೋಗುತ್ತಿದ್ದ ಶಕ್ತಿಯನ್ನು ಬ್ಯಾಟರಿಗೆ ಹಿಂತಿರುಗಿಸುವ ಹೈಬ್ರಿಡ್ ವ್ಯವಸ್ಥೆ ಲೆಕ್ಸಸ್‌ನ ಎಲ್‌ಎಸ್ 600ಎಚ್ ಕಾರಿಗೆ 2007ರಲ್ಲಿ, ಎಸ್-ಕ್ಲಾಸ್‌ಗೆ 2009ರಲ್ಲಿ ಬಂದಾಗ, ನಗರದ ನಷ್ಟಕ್ಕೆ ಮೊದಲ ಸಲ ನೇರವಾದ ಮದ್ದು ಸಿಕ್ಕಿದಂತಾಯಿತು. ಆದರೆ ಬ್ಯಾಟರಿಯೂ ಮೋಟಾರೂ ಸೇರಿ ಆ ಲೆಕ್ಸಸ್ ಸುಮಾರು 2,300 ಕೆ.ಜಿ. ತೂಗುತ್ತಿತ್ತು. 1970ರ ದಶಕದ ಕ್ಯಾಡಿಲಾಕ್‌ನ ತೂಕವೇ ಅದು.

ಅಷ್ಟು ಹೊತ್ತಿಗೆ ಅಮೆರಿಕದ ಭಾರಿ ಕಾರಿನ ಕೊಳ್ಳುಗರು ಸೆಡಾನಿನಲ್ಲಿ ಉಳಿದಿರಲಿಲ್ಲ. ಟೆಕ್ಸಸ್ ರಾಜ್ಯದ ಆರ್ಲಿಂಗ್ಟನ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ, ಚೌಕಟ್ಟಿನ ಮೇಲೆ ಕೂರಿಸಿದ ಮೈಯ, ಹಿಂಚಕ್ರ ಓಡಿಸುವ, 5.7 ಮೀಟರ್ ಉದ್ದದ ಕೊನೆಯ ದೊಡ್ಡ ಕ್ಯಾಡಿಲಾಕ್ ಸೆಡಾನ್ ಆದ ಫ್ಲೀಟ್‌ವುಡ್‌ನ ತಯಾರಿಕೆಯನ್ನು 1996ರಲ್ಲಿ ನಿಲ್ಲಿಸಿತು. ಬೇಡಿಕೆ ಪೂರ್ತಿ ಬತ್ತಿದ್ದರಿಂದಲ್ಲ; ಅದೇ ಜಾಗದಲ್ಲಿ ಟ್ರಕ್ಕಿನ ಚೌಕಟ್ಟಿನ ಎತ್ತರದ ವಾಹನಗಳನ್ನು ಕಟ್ಟಿದರೆ ಲಾಭ ಹೆಚ್ಚಿತ್ತು. ಲಿಂಕನ್ 1998ರ ಮಾದರಿಯಾಗಿ ನ್ಯಾವಿಗೇಟರನ್ನು ತಂದಿತು, ಮರುವರ್ಷ ಕ್ಯಾಡಿಲಾಕ್ ಎಸ್ಕಲೇಡನ್ನು ತಂದಿತು. ಕಾನೂನಿನ ಕಣ್ಣಿಗೆ ಇವು ಸಣ್ಣ ಟ್ರಕ್ಕುಗಳಾದ್ದರಿಂದ, ಎರಡೂವರೆ ಟನ್ನಿನ ಆಸುಪಾಸು ತೂಗಿ, ನಗರದಲ್ಲಿ ಫ್ಲೀಟ್‌ವುಡ್‌ಗಿಂತಲೂ ಹೆಚ್ಚು ಪೆಟ್ರೋಲ್ ಕುಡಿದರೂ ಇವುಗಳ ಮೇಲೆ 1978ರ ಆ ತೆರಿಗೆ ಬೀಳಲಿಲ್ಲ. ಎರಡನೆಯ ತಲೆಮಾರಿನ ಎಸ್ಕಲೇಡ್ 2002ರ ಮಾದರಿಯಾಗಿ ಹೊರಬಂದದ್ದು ಆರ್ಲಿಂಗ್ಟನ್‌ನ ಅದೇ ಕಾರ್ಖಾನೆಯಿಂದ.